ರೊಟ್ಟಿ ಬಡಿದ ಗಡಿಯಾರ

ಕಪಾಟಿನ ಮೇಲಿಟ್ಟ ಕೈಗಡಿಯಾರ ನಿಂತುಬಿಟ್ಟಿತ್ತು. ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿ ಎಡಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನ ಅದನ್ನು ಅಲ್ಲಿಟ್ಟವಳು ನಾನೇ. ಆಮೇಲೆ ಔಷಧಿ, ಗಂಜಿ, ನೋಡಲು ಬಂದವರಿಗೆ ಚಹಾ, ಈ ಗದ್ದಲದಲ್ಲಿ ಮರೆತೇ ಹೋಯಿತು. ಮೊನ್ನೆ ಧೂಳು ಒರೆಸುವಾಗ ಕೈಗೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಉಕ್ಕು, ಬೆವರು, ಮೈಸೋಪು ಎಲ್ಲ ಕೂಡಿದ ಅದೇ ವಾಸನೆ. ಮುಳ್ಳು ನಿಂತದ್ದು ನೋಡಿ ಬೇರೆ ಯಾರಾದರೂ ಗಾಬರಿಯಾಗುತ್ತಿದ್ದರೇನೋ, ನನಗೆ ನಗು ಬಂತು. ಯಾಕೆಂದು ಹೇಳುತ್ತೇನೆ, ತುಸು ಕೂತುಕೊಳ್ಳಿ. ಬಾಗೇವಾಡಿಯ ಈ ಮನೆಯಲ್ಲಿ ಈಗ ನನ್ನ ಮಾತು ಕೇಳಲು ಪುರುಸೊತ್ತು ಇರುವುದು ನಿಮಗೊಬ್ಬರಿಗೇ.

ಎಪ್ಪತ್ತರ ದಶಕದ ಮಾತು. ಸಿಂದಗಿಯಲ್ಲಿ ನಮ್ಮಪ್ಪನದು ಕಾಳುಕಡಿಯ ವ್ಯಾಪಾರ. ನನಗೆ ಹೂವಿನ ಹಿಪ್ಪರಗಿಯ ಮನೆತನದಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ಬಾಗೇವಾಡಿಯಲ್ಲಿ ಓವರ್‌ಸಿಯರ್. ಅಳಿಯನಿಗೆ ಕೈಗಡಿಯಾರ ಕೊಡದೆ ಆಗ ಯಾವ ಮದುವೆಯೂ ಆಗುತ್ತಿರಲಿಲ್ಲ. ಆ ಆಯೇರಿಯನ್ನು, ಅಂದರೆ ಮದುವೆಯ ಉಡುಗೊರೆಯನ್ನು, ತಾನೇ ತರುತ್ತೇನೆಂದು ಅವ್ವನ ತಮ್ಮ ಈರಣ್ಣ ಮಾಮಾ ಹಟ ಹಿಡಿದಿದ್ದ. ಇಂಡಿ ಊರಿನವನಾದರೂ ಮುಂಬಯಿಯ ಬಂದರಿನಲ್ಲಿ ಕೆಲಸಕ್ಕಿದ್ದವನು. ಬರುವಾಗ ಯಾವನೋ ಹಡಗಿನವನಿಂದ ಕೊಂಡ ಒಂದು ವಾಚು ತಂದ. ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ಳುವ ವಾಚು. ಸಿಂದಗಿಯಿಂದ ಸಮುದ್ರ ಎಷ್ಟು ದೂರ ಎಂಬುದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಪಡಸಾಲೆಯಲ್ಲಿ ಮಣೆ ಹಾಕಿ, ಮಣೆಯ ಮೇಲೆ ಹೊಸ ಕುಪ್ಪಸದ ಖಣ ಹಾಸಿ, ಅದರ ಮೇಲೆ ವಾಚು ಇಟ್ಟರು. ಅದೇ ಮಣೆಯ ಮೇಲೆ ಸ್ವಲ್ಪ ದಿನದ ಹಿಂದೆ ನನ್ನನ್ನು ಕೂರಿಸಿ ಹಿಪ್ಪರಗಿಯವರು ನೋಡಿಹೋಗಿದ್ದರು. ನನ್ನ ಬಣ್ಣ, ಎತ್ತರ, ನಡಿಗೆ ಎಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿದಿತ್ತು. ವಾಚಿನದು ವಾರವಾದರೂ ಮುಗಿಯಲಿಲ್ಲ, ಬಂದವರೆಲ್ಲ ಎತ್ತಿ, ಅಲುಗಾಡಿಸಿ, ಕಿವಿಗೆ ಹಿಡಿಯುವವರೇ. ನಿಜ ಹೇಳಬೇಕೆಂದರೆ ನನಗೆ ಒಂಚೂರು ಹೊಟ್ಟೆಕಿಚ್ಚೇ ಆಯಿತು.

ನೋಡುವವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಶಂಕ್ರಪ್ಪ ಕಾಕಾ, ಪಕ್ಕದ ಮನೆಯವರು, ಕನ್ನೊಳ್ಳಿಯಲ್ಲಿ ಹೊಲ ಇದ್ದವರು. ಬಂಗಾರದ ಬಣ್ಣದ, ಎಲೆಯಂಥ ತೆಳು ವಾಚು ಕಟ್ಟುತ್ತಿದ್ದರು. ಹೊತ್ತು ಕೇಳಿದರೆ ಅಂಗಿಯ ತೋಳನ್ನು ಎರಡು ಮಡಿಕೆ ಮಾಡಿ, ಕೇಳಿದವನಿಗೆ ಪೂರಾ ಕಾಣಿಸಿ, ಆಮೇಲೆ ಹೇಳುತ್ತಿದ್ದರು. ಇನ್ನೊಬ್ಬರು ಸಾಲೆಯ ಡ್ರಾಯಿಂಗ್ ಮಾಸ್ತರು. ಯಾವ ವಸ್ತು ಕಂಡರೂ ಒಂದು ಕಣ್ಣು ಮುಚ್ಚಿ ನೋಡುವುದು ಅವರ ಚಾಳಿ.

ಮಾಸ್ತರು ಒಂದು ಕಣ್ಣು ಮುಚ್ಚಿದರು. ಕರಿ ಮುಖ, ಅದರ ಮೇಲೆ ಬಿಳಿ ಬೊಟ್ಟು, ಸುತ್ತಲೂ ಹಲ್ಲು ಹಲ್ಲಾದ ಉಕ್ಕಿನ ಉಂಗುರ.

"ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಂಡಂಗ ಕಾಣತೈತಿ," ಎಂದರು. "ಆದ್ರ ಚಂದ ಐತಿ. ದೂರಿಂದ ನೋಡಿದ್ರೂ ಹೊತ್ತು ತಿಳೀತೈತಿ. ವಾಚು ಇರೋದು ಅದಕ್ಕರಿ."

"ಎಲ್ಲಿ ಚಂದ್ರಿ ಮಾಸ್ತರ?" ಶಂಕ್ರಪ್ಪ ಕಾಕಾ ವಾಚನ್ನು ಮುಟ್ಟದೆಯೇ ತೂಗಿದರು. "ಮದುಮಗ ಅಂದ ಮ್ಯಾಲ ಕೈ ಝಗಝಗ ಅನಬೇಕು. ಇದು ಪಂಪಸೆಟ್ಟಿನ ನಟ್ಟು ಇದ್ದಂಗ ಐತಿ. ಅಂಗಿ ತೋಳಿನಾಗ ಹೋಗಂಗಿಲ್ಲ."

ಅಪ್ಪ ಬೆಲೆ ಕೇಳಿದ. ಆಯೇರಿಗೆ ಬೆಲೆ ಹೇಳಬಾರದು ಎಂದು ಮಾಮಾ ಬಾಯಿ ಬಿಡಲಿಲ್ಲ. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳದ್ದರಿಂದ ಊರೆಲ್ಲ ಅಂದಾಜು ಮಾಡತೊಡಗಿತು. ಒಬ್ಬರು ಒಂದು ಕರುವಿನ ಬೆಲೆ ಅಂದರೆ ಇನ್ನೊಬ್ಬರು ಹಾಲು ಕೊಡುವ ಎಮ್ಮೆ ಅಂದರು. ಚಹಾದ ಅಂಗಡಿಯಿಂದ ಸುದ್ದಿ ನಮ್ಮ ಮನೆಗೆ ತಿರುಗಿ ಬರುವಷ್ಟರಲ್ಲಿ ಅದು ಜೋಡಿ ಎತ್ತಾಗಿತ್ತು.

ಕತ್ತಲಲ್ಲಿ ಬೊಟ್ಟುಗಳು ಹೊಳೆಯುತ್ತವೆ ಎಂದು ಮಾಮಾ ಹೇಳಿದ ಗಳಿಗೆ ಮರೆಯಲಾರೆ. ರಾತ್ರಿಯಾಗುವವರೆಗೆ ತಡೆಯುವ ತಾಳ್ಮೆ ಯಾರಿಗಿತ್ತು? ವೈಶಾಖದ ಸುಡುಮಧ್ಯಾಹ್ನ. ಅಪ್ಪ, ಮಾಸ್ತರು, ಕಾಕಾ ಮೂವರೂ ಕರಿ ಕಂಬಳಿ ಹೊದ್ದು ವಾಚಿನ ಸುತ್ತ ಕುಂಡೆ ಮೇಲೆ ಮಾಡಿ ಬಗ್ಗಿದರು. ಒಳಗಿನಿಂದ "ಸರೀರಿ ಮಾಸ್ತರ", "ಉಸರು ಬಿಡಬ್ಯಾಡ್ರಿ, ಗಾಜು ಮಬ್ಬು ಆಗತೈತಿ" ಎಂಬ ಮಾತು ಕೇಳುತ್ತಿತ್ತು. ಹೊರಗೆ ನಾನೂ ಅವ್ವನೂ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆವು. ಬೆವರು ಸುರಿಸುತ್ತ ಹೊರಬಂದ ಕಾಕಾ, "ಹೊಳೀತಾವ" ಎಂದರು. ಸೋತ ದನಿಯೇ ಆದರೂ ಕಣ್ಣು ಮಾತ್ರ ಮಿಂಚುತ್ತಿದ್ದವು.

ಉಂಗುರ ಯಾಕೆ ತಿರುಗುತ್ತದೆ ಎಂಬುದು ಮರುದಿನದ ಚರ್ಚೆ. ಮಾಮಾ ಕಟಕಟ ತಿರುಗಿಸಿ ತೋರಿಸಿದ. "ನೀರಿಗಿ ಇಳಿಯೂ ಹೊತ್ತಿಗಿ ಈ ತ್ರಿಕೋನ ತಂದು ನಿಮಿಷದ ಮುಳ್ಳಿಗಿ ಹಚ್ಚತಾರಿ. ಇಳದು ಎಷ್ಟೊತ್ತಾತು ಅಂತ ಆಮ್ಯಾಲ ತಿಳೀತೈತಿ. ಉಸಿರಿನ ಲೆಕ್ಕ ಅದು."

"ಹಂಗಾದ್ರ ಅಕ್ಕಿಕಾಳಿನ ಮುಹೂರ್ತಕ್ಕ ಇದ ಬರೋಬ್ಬರಿ," ಎಂದ ಅಪ್ಪ, ಅಕ್ಷತೆ ಬೀಳುವ ಗಳಿಗೆಯ ಲೆಕ್ಕ ಹಾಕಿ. ಅಂದಿನಿಂದ ಆ ಉಂಗುರಕ್ಕೆ ರಾಹುಕಾಲ ನೋಡುವ ಕೆಲಸವೂ ಬಿತ್ತು.

ಉಳಿದದ್ದು ನೀರು. ಮುಖದ ಮೇಲೆ ಇನ್ನೂರು ಮೀಟರ್ ಎಂದು ಬರೆದಿತ್ತು. ತಾಲೂಕಿನ ಬಾವಿಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿದರೂ ಅಷ್ಟು ನೀರಾಗುವುದಿಲ್ಲ ಎಂದು ಕಾಕಾ ನಕ್ಕರು. ಆದರೂ ಪರೀಕ್ಷೆ ಆಗಲೇಬೇಕಿತ್ತು. ಮದುಮಗನ ಆಯೇರಿಯನ್ನು ಮೊದಲೇ ಯಾರೂ ಕಟ್ಟಬಾರದು, ಕಟ್ಟಿದರೆ ಅದು ಬಳಸಿದ ವಸ್ತು, ಕೊಡಲು ಬರುವುದಿಲ್ಲ. ನಮ್ಮಲ್ಲಿ ಇದು ಕಟ್ಟುನಿಟ್ಟು. ಹಾಗಾಗಿ ಯಾರೂ ಕಟ್ಟಿಕೊಂಡು ಈಜುವಂತಿಲ್ಲ. ನೀರಿಗೆ ಮೈಲಿಗೆ ಇಲ್ಲವಲ್ಲ, ಹಿತ್ತಲ ಬಾವಿಗೆ ಹಗ್ಗದಲ್ಲಿ ಇಳಿಸಿದರಾಯಿತು ಎಂದು ತೀರ್ಮಾನವಾಯಿತು.

"ನಮ್ಮ ಬಾವಿ ನೀರು ಸವುಳ ಐತಿ," ಎಂದರು ಮಾಸ್ತರು. "ಸಮುದ್ರದಂಗ. ಪರೀಕ್ಷಾ ನ್ಯಾಯ ಆಗತೈತಿ."

ಹಿತ್ತಲು ತುಂಬಿತು. ತಾಮ್ರದ ಕೊಡದಲ್ಲಿ ವಾಚು ಇಟ್ಟು ಮಾಮಾ ಹಗ್ಗ ಬಿಟ್ಟ. ಕೊಡ ಗುಳುಗುಳು ಎಂದು ಮುಳುಗಿತು. ಬಾವಿಯ ಕಟ್ಟೆಯ ಸುತ್ತ ತಲೆಗೆ ತಲೆ ತಾಗಿ, ಒಳಗೆ ಬೆಳಕೇ ಬೀಳದಂತಾಯಿತು. ಉಂಗುರದ ಲೆಕ್ಕ ನೀರಿನೊಳಗೇ ಇದ್ದದ್ದರಿಂದ ಶಂಕ್ರಪ್ಪ ಕಾಕಾರ ಬಂಗಾರದ ವಾಚೇ ಹೊತ್ತು ಹಿಡಿಯಬೇಕಾಯಿತು. ಎಳೆದು ತೆಗೆದಾಗ ಮಾಮಾ ವಾಚನ್ನು ನೋಡಲಿಲ್ಲ, ಕಣ್ಣು ಮುಚ್ಚಿ ಮಾಸ್ತರ ಕೈಗೆ ಕೊಟ್ಟ. ಮಾಸ್ತರು ಈ ಸಲ ಎರಡೂ ಕಣ್ಣು ಬಿಟ್ಟು ನೋಡಿದರು. ಸೆಕೆಂಡಿನ ಮುಳ್ಳು ಏನೂ ಆಗದವರ ಹಾಗೆ ಸುತ್ತುತ್ತಿತ್ತು. ಹಿತ್ತಲಲ್ಲಿ ಎದ್ದ ಗದ್ದಲಕ್ಕೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ನಾನಂತೂ ಕುಣಿದೇಬಿಟ್ಟೆ. ಮದುಮಗಳು ಹಾಗೆ ಕುಣಿಯಬಾರದೆಂದು ಅವ್ವ ಬೈದಳು, ಬೈಯುತ್ತಲೇ ನಕ್ಕಳು.

ಆ ಹೊತ್ತಿನಲ್ಲಿ ಈರಣ್ಣ ಮಾಮಾನಂಥ ದೊಡ್ಡ ಮನುಷ್ಯ ಸಿಂದಗಿಯಲ್ಲಿ ಇನ್ನೊಬ್ಬನಿರಲಿಲ್ಲ. "ಕೀಲಿ ಕೊಡೂದೂ ಬ್ಯಾಡ್ರಿ," ಎಂದು ಕೊನೆಯ ಬಾಣ ಬಿಟ್ಟ. "ಆಟೋಮ್ಯಾಟಿಕ್. ತಾನ ನಡೀತೈತಿ." ಹೌದೌದೆಂದು ಎಲ್ಲರೂ ತಲೆದೂಗಿದರು. ಅವ್ವ ವಾಚಿಗೆ ಅರಿಶಿನ ಕುಂಕುಮ ಹಚ್ಚಿ, ಖಣದಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಕೆಲವು ದಿನಕ್ಕೆ ಮುದ್ದೇಬಿಹಾಳದಿಂದ ಅಪ್ಪನ ವ್ಯಾಪಾರದ ಗೆಳೆಯರು ಬಂದರು. ವಾಚಿನ ಸುದ್ದಿ ಅಲ್ಲಿಗೂ ಹೋಗಿತ್ತು. ಅಪ್ಪ ಠೀವಿಯಿಂದ ಟ್ರಂಕು ತೆಗೆಸಿದ. ಖಣ ಬಿಚ್ಚಿದರೆ ವಾಚು ನಿಂತಿದೆ.

ಎಲ್ಲರೂ ಒಟ್ಟಿಗೆ ಮಾತಾಡಿದರು. ಬಾವಿಯ ನೀರು ಒಳಗೆ ಹೊಕ್ಕಿದೆ, ಮುಂಬಯಿಯಲ್ಲಿ ಯಾರೋ ಟೋಪಿ ಹಾಕಿದ್ದಾರೆ. ಶಂಕ್ರಪ್ಪ ಕಾಕಾ ಮಾತ್ರ ಮೆಲ್ಲಗೆ, "ನಿಂತ ವಾಚು ಮದುವ್ಯಾಗ ಕೊಡಬಾರದೋ ಮಾರಾಯಾ. ಒಳ್ಳೇದಲ್ಲ" ಎಂದರು. ಅದು ಅಪ್ಪನ ಎದೆಗೆ ನಾಟಿತು. ಸೊಲ್ಲಾಪುರಕ್ಕೆ ಹೋಗಿ ಬಂಗಾರದ ಬಣ್ಣದ ವಾಚು ತರುತ್ತೇನೆಂದು ಎದ್ದ.

ಮಾಮಾ ಸಿಟ್ಟಾಗಲಿಲ್ಲ, ಅದೇ ಭಯವಾದದ್ದು. ಗೂಟಕ್ಕಿದ್ದ ಅಂಗಿ ತೆಗೆದು ಚೀಲಕ್ಕೆ ಹಾಕಿಕೊಂಡ. "ನನ್ನ ಆಯೇರಿ ಬ್ಯಾಡಾದ್ರ ನಾನೂ ಬ್ಯಾಡ್ರಿ ಮಾವಾರ. ಇಂಡಿಗಿ ಹೋಗ್ತೇನಿ," ಎಂದ. ಮದುಮಗಳನ್ನು ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ನನಗಿದ್ದವನು ಅವನೊಬ್ಬನೇ. ಅವ್ವ ಒಲೆಯ ಮುಂದೆ ಕೂತು ಅತ್ತಳು. ಒಂದು ಕಡೆ ಗಂಡ, ಇನ್ನೊಂದು ಕಡೆ ತಮ್ಮ. ನನಗೆ ಮದುವೆಯೇ ಬೇಡವೆನಿಸಿತು. ಮಾಮಾ ಇಲ್ಲದೆ ನಾನು ಮಂಟಪಕ್ಕೆ ಬರುವುದಿಲ್ಲ ಎಂದು ಹಟ ಹಿಡಿದು ಕೂತೆ.

"ಅವನ ವಸ್ತು ಅವಗ ಕೊಟ್ಟು ಬಾರವ್ವ," ಎಂದು ಅವ್ವ ಕಣ್ಣೊರೆಸಿಕೊಂಡು ವಾಚನ್ನು ನನ್ನ ಕೈಯಲ್ಲಿಟ್ಟಳು. ಅಂಗಳ ದಾಟಿ, ಮೆಟ್ಟಿಲಿಳಿದು, ಮಾಮಾ, ಮಾಸ್ತರು, ಕಾಕಾ ಇದ್ದ ಕಟ್ಟೆಗೆ ಬರುವುದರೊಳಗೆ ನಾನು ಅಳುತ್ತ ಅದನ್ನು ಎಷ್ಟು ಅಲುಗಾಡಿಸಿದ್ದೆನೋ. ಕೊಡಲೆಂದು ಕೈ ಚಾಚಿದೆ.

ಮಾಸ್ತರು ಒಂದು ಕಣ್ಣು ಮುಚ್ಚಿದರು. "ತಡೀರಿ. ನಡಿಯಾಕತ್ತೈತಿ."

ಕೆಳಗಿಟ್ಟರು. ಸ್ವಲ್ಪ ಹೊತ್ತು ನಡೆದು ನಿಂತಿತು. ನನ್ನ ಕೈಗೆ ಕೊಟ್ಟು ಅಂಗಳ ಸುತ್ತಿಸಿದರು, ಮತ್ತೆ ನಡೆಯಿತು. ಮಾಮಾ ಹಣೆ ಬಡಿದುಕೊಂಡ. "ಕೊಟ್ಟಾಂವ ಕೈಯಿಂದ ತೆಗೀಬ್ಯಾಡ ಅಂದಿದ್ದ. ಮುಂಬೈಯಾಗ ಕಳ್ಳರ ಕಾಟಕ್ಕ ಹೇಳ್ಯಾನ ಅಂತ ತಿಳ್ಕೊಂಡಿದ್ನಿ."

ವಾಚು ಕೈಯ ಅಲುಗಾಟದಿಂದ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವಂಥದ್ದು! ಅದನ್ನು ನಾವು ದೇವರ ಬೆಳ್ಳಿಯ ಹಾಗೆ ಟ್ರಂಕಿನಲ್ಲಿ ಮಲಗಿಸಿದ್ದೆವು. ಸರಿ, ಮದುವೆಯವರೆಗೆ ಯಾರಾದರೂ ಕಟ್ಟಿಕೊಳ್ಳಬೇಕು. ಪಂಪಸೆಟ್ಟಿನ ನಟ್ಟು ಎಂದಿದ್ದ ಶಂಕ್ರಪ್ಪ ಕಾಕಾ ಎಲ್ಲರಿಗಿಂತ ಮೊದಲು ತಮ್ಮ ಬಂಗಾರದ ವಾಚು ಬಿಚ್ಚಿ ಕೈ ಮುಂದೆ ಮಾಡಿದರು. ಮಾಸ್ತರೂ ತೋಳು ಮಡಚಿದರು. ಆದರೆ ಕಟ್ಟಿದರೆ ಬಳಸಿದ ವಸ್ತು. ಕಟ್ಟದಿದ್ದರೆ ನಿಂತ ವಾಚು. ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು.

ಬಾಗಿಲಲ್ಲಿ ನಿಂತ ಅವ್ವ ಹೇಳಿದಳು: "ಅಕಿ ಕೈಗಿ ಕಟ್ರಿ. ನಾಳೆ ಅವರಿಬ್ಬರದು ಒಂದ ಸಂಸಾರ. ಗಂಡಂದು ಹೆಂಡ್ತಿ ಕಟ್ಟಿದ್ರ ಬಳಸಿದ್ದು ಹೆಂಗ ಆಗತೈತಿ?"

ಮಾಮಾ ಅಂಗಿಯನ್ನು ಮತ್ತೆ ಗೂಟಕ್ಕೆ ಹಾಕಿದ.

ಉಕ್ಕಿನ ಪಟ್ಟಿ ನನಗೆ ಮೊಣಕೈವರೆಗೆ ಜಾರುತ್ತಿತ್ತು. ಕೆಳಗೆ ಬಟ್ಟೆ ಸುತ್ತಿ, ಹಸಿರು ಬಳೆಗಳ ನಡುವೆ ಕಟ್ಟಿದರು. ಕೈ ಆಡಬೇಕಲ್ಲ, ಅವ್ವ ರೊಟ್ಟಿಗೆ ಕೂರಿಸಿದಳು. ಜೋಳದ ರೊಟ್ಟಿ ಬಡಿಯುವಷ್ಟು ಕೈಯಾಡುವ ಕೆಲಸ ಇನ್ನೊಂದಿಲ್ಲ. ಮದುವೆಗೆ ಅರಿಶಿನ ಬೀಸಿದ್ದೂ ಆ ಕೈಯೇ. ಬೀಸುವ ಕಲ್ಲಿನ ಗೂಟಕ್ಕೆ ತಾಗಿ ಉಂಗುರಕ್ಕೆ ಒಂದು ಗೀರು ಬಿತ್ತು. ಮಾಸ್ತರು ದಿನಾ ಸಂಜೆ ಬಂದು, "ಹೆಂಗೈತವ್ವ, ನಡೀತೈತೇನು?" ಎಂದು ವಿಚಾರಿಸುತ್ತಿದ್ದರು. ನನ್ನನ್ನಲ್ಲ, ವಾಚನ್ನು. ನಾನು ಹಿಟ್ಟಿನ ಕೈ ಎತ್ತಿ ತೋರಿಸುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ನನ್ನ ಮೈಮೇಲಿನ ಬಂಗಾರಕ್ಕಿಂತ ಆ ಉಕ್ಕಿನ ಮೇಲೇ ನನಗೆ ಜೀವ ಹತ್ತಿತು.

ಮದುವೆಯ ದಿನ ಅಪ್ಪ ಉಂಗುರದ ತ್ರಿಕೋನವನ್ನು ಮುಹೂರ್ತದ ನಿಮಿಷಕ್ಕೆ ಹಚ್ಚಿಟ್ಟ. ಮಾಮಾ ನನ್ನ ಕೈ ಹಿಡಿದು ಕರೆತಂದ. ಮುಳ್ಳು ತ್ರಿಕೋನಕ್ಕೆ ಬಂದಾಗ ಅಕ್ಕಿಕಾಳು ಬಿದ್ದವು. ಆಮೇಲೆ ಎಲ್ಲರ ಮುಂದೆ ಮಾಮಾ ವಾಚನ್ನು ನನ್ನ ಕೈಯಿಂದ ಬಿಚ್ಚಿ ಇವರ ಕೈಗೆ ಕಟ್ಟಿದ. ಇವರು ಏನಾದರೂ ಹೇಳುತ್ತಾರೆಂದು ಕಾಕಾ, ಮಾಸ್ತರು ಕತ್ತು ಚಾಚಿದರು. ನೀರಿನ ಬಗ್ಗೆ, ಹೊಳೆಯುವ ಬೊಟ್ಟಿನ ಬಗ್ಗೆ ಒಂದು ಮಾತೂ ಇಲ್ಲ. ಇವರು ನನ್ನ ಕಡೆ ಬಾಗಿ, ನನಗಷ್ಟೇ ಕೇಳುವಂತೆ, "ಬೆಚ್ಚಗೈತಿ" ಎಂದರು. ಅದು ಇವರು ನನ್ನೊಡನೆ ಆಡಿದ ಮೊದಲ ಮಾತು.

ಕಳೆದ ವರ್ಷ ಹಳೆಯ ವಾಚುಗಳ ಹುಚ್ಚಿರುವ ಒಬ್ಬ ತರುಣ ಇದನ್ನು ನೋಡಲು ಬಂದಿದ್ದ. ಭೂತಗನ್ನಡಿ ಹಿಡಿದು, ಗೀರು ನೋಡಿ, "ಸಮುದ್ರದ ತಳದಾಗ ಬಂಡಿಗಿ ತಾಗಿರಬೇಕ್ರಿ. ಇದನ್ನ ಪಾಲಿಶ್ ಮಾಡಿಸಬ್ಯಾಡ್ರಿ, ಇದರಾಗ ಐತಿ ಇದರ ಬೆಲಿ" ಎಂದ. ಹೌದಪ್ಪ ಎಂದು ಚಹಾ ಕೊಟ್ಟು ಕಳಿಸಿದೆ. ಬೀಸುವ ಕಲ್ಲಿನ ಮಾತು ಹೇಳಿ ಅವನ ಖುಷಿ ಯಾಕೆ ಕೆಡಿಸಬೇಕು?

ಮೊನ್ನೆ ನಿಂತ ವಾಚನ್ನು ಹಿಡಿದು ಇಷ್ಟೆಲ್ಲ ನೆನೆದವಳು ಕಪಾಟಿನ ಮೇಲೆ ಮತ್ತೆ ಇಡಲಿಲ್ಲ. ಕೈಗೆ ಕಟ್ಟಿಕೊಂಡೆ. ಈಗ ಬಟ್ಟೆ ಸುತ್ತುವ ಅಗತ್ಯವಿಲ್ಲ, ಮೈ ತುಂಬಿದೆ. ರೊಟ್ಟಿ ಬಡಿದೆ. ಬೆಳಗಿನ ರೊಟ್ಟಿ ಮುಗಿಯುವಷ್ಟರಲ್ಲಿ ಅದು ಹಳೆಯ ಗತ್ತಿಗೆ ಬಂದಿತ್ತು. ಇವರು ಕೂತಲ್ಲಿಂದಲೇ ದಿನವಿಡೀ ಹೊತ್ತು ಕೇಳಿದರು, ನಾನು ಶಂಕ್ರಪ್ಪ ಕಾಕಾರ ಹಾಗೆ ಕೈ ತಿರುವಿ ತಿರುವಿ ಹೇಳಿದೆ.

ನಿನ್ನೆ ಪ್ಲಾಸ್ಟರ್ ತೆಗೆಸಿದೆವು. ಮನೆಗೆ ಬಂದವರೇ ಇವರು ಸಣ್ಣಗಾದ ಎಡಗೈಯನ್ನು ನನ್ನ ಮುಂದೆ ಚಾಚಿದರು. ನಾನು ಬಿಚ್ಚಲಿಲ್ಲ.

"ಇನ್ನೊಂದೀಟು ದಿನ ಇರ್ಲಿರಿ," ಎಂದೆ. ಇಷ್ಟು ವರ್ಷದಲ್ಲಿ ಇವರ ವಸ್ತುವೊಂದನ್ನು ನನಗೆ ಬೇಕೆಂದು ಕೇಳಿದ್ದು ಅದೇ ಮೊದಲು.

ಇವರು ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಇನ್ನೂ ಸರಿಯಾಗಿ ಮಡಚದ ಬೆರಳುಗಳಿಂದ ಉಂಗುರವನ್ನು ಕಟಕಟ ತಿರುಗಿಸಿ, ತ್ರಿಕೋನವನ್ನು ತಂದು ನಿಮಿಷದ ಮುಳ್ಳಿಗೆ ಹಚ್ಚಿದರು.

"ಹಿಡಿ," ಎಂದರು. "ಈಗಿಂದ ನಿನ್ನ ಪಾಳಿ."