ಮಾವನ ಬುದ್ಧಿಹಲ್ಲು

ಹೋದ ವಾರ ಮಧುಗಿರಿಯಲ್ಲಿ ಹಲ್ಲಿನ ಡಾಕ್ಟರಮ್ಮನ ಕುರ್ಚಿಗೆ ಒರಗಿದ್ದೆ. ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ಹಲ್ಲು ಮರೆತೇಹೋಗಿ ಪಕ್ಕದ ಮನೆಯ ಮಾವ ನೆನಪಾದ. ಕೊನೆಕೊನೆಗೆ ಅವನೂ ಹೀಗೇ ನಾರುತ್ತಿದ್ದ... ಲವಂಗ, ಕೀವು, ಬೀಡಿ.

ಮಾವ ಬಂಡೆ ಸೀಳುವವನು. ಒಮ್ಮೆ ಅವನು ಉಳಿ ಹಿಡಿದಿದ್ದಾಗ ಭಾಮೈದ ಸುತ್ತಿಗೆ ಬೀಸಿದ. ಚಕ್ಕೆ ಸಿಡಿದು ಮಾವನ ಬಲಗಣ್ಣು ಒಡೆದು ಕೆನ್ನೆಯ ಮೇಲೆ ಹರಿಯಿತು. ಉಳಿದದ್ದು ಎಡಗಣ್ಣೊಂದೇ. ವರ್ಷಗಳಾದ ಮೇಲೆ ಅದೇ ಎಡಗಡೆ, ಕೆಳದವಡೆಯ ಕೊನೆಗೆ, ಬುದ್ಧಿಹಲ್ಲು ಅಡ್ಡ ಮಲಗಿಕೊಂಡು ಮುಂದಿನ ಹಲ್ಲನ್ನು ಗುಮ್ಮತೊಡಗಿತು.

ನೋವು ಬಂದರೆ ಮನುಷ್ಯ ಮನುಷ್ಯನಾಗಿರುತ್ತಿರಲಿಲ್ಲ. ತಲೆಯನ್ನು ಕಂಬಕ್ಕೆ ಚಚ್ಚಿಕೊಳ್ಳುತ್ತಿದ್ದ. ಕೆನ್ನೆಗೆ ಶಾಖ ಕೊಡಲು ಬಿಸಿ ಉಪ್ಪಿನ ಗಂಟು ತಂದ ಅತ್ತೆಯನ್ನೇ ಒದ್ದ; ಅವಳ ಮುಂಗೈ ಮುರಿಯಿತು. ಅದಕ್ಕೆ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ. ಆ ಕೈ ಕಟ್ಟಿಕೊಂಡೇ ಅತ್ತೆ ಅವನನ್ನು ಇದೇ ಡಾಕ್ಟರಮ್ಮನ ಹತ್ತಿರ ಎಳೆತಂದಳು. ಜೊತೆಗೆ ನಾನಿದ್ದೆ.

ಡಾಕ್ಟರಮ್ಮ ಎಕ್ಸ್‌ರೇ ತೋರಿಸಿ ಬಿಡಿಸಿ ಹೇಳಿದರು. ಹಲ್ಲಿನ ಮೇಲೆ ಹೊದ್ದ ವಸಡನ್ನಷ್ಟೇ ಕತ್ತರಿಸಿದರೆ ನಾಲ್ಕು ದಿನ ಆರಾಮ, ಹಲ್ಲು ಮಲಗಿರುವುದರಿಂದ ಮತ್ತೆ ಊದುತ್ತದೆ. ಕೀವು ಇಳಿಸಿ, ವಸಡು ಬಿಡಿಸಿ, ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆಯುವುದೇ ಸರಿ. ಬೇರು ನರಕ್ಕೆ ತೀರಾ ಹತ್ತಿರವಿದ್ದರೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಅಲ್ಲೇ ಬಿಡಬಹುದು. ಆ ನರ ತುಟಿಯದ್ದು, ಕಣ್ಣಿನದ್ದಲ್ಲ ಅಂತಲೂ ಒತ್ತಿ ಹೇಳಿದರು. ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅಂತ ಊರೆಲ್ಲ ಅವನ ತಲೆಗೆ ತುಂಬಿತ್ತಲ್ಲ. ಮಾವ ಒಪ್ಪುವಂತೆಯೇ ಕಂಡ. ಅಷ್ಟರಲ್ಲಿ ಆ ಪುಣ್ಯಾತ್ಗಿತ್ತಿ ಅವನ ಕಸುಬು ಕೇಳಿ ನಕ್ಕು, ನೀವು ಬಂಡೆ ಸೀಳಿದ ಹಾಗೇ ನಾವೂ ಸೀಳೋದು ಅಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾವ ಎದ್ದವನೇ ಕತ್ತರಿ, ಚಿಮಟ ಇದ್ದ ಟ್ರೇ ಎತ್ತಿ ಗೋಡೆಗೆ ಬಿಸಾಡಿದ.

“ಒಂದ್ ಕಣ್ಣ ಇನ್ನೊಬ್ರ ಸುತ್ತಿಗೆಗೆ ಕೊಟ್ಟಿವ್ನಿ. ಸೀಳೋದೇ ಆದ್ರೆ ನಾನೇ ಸೀಳ್ಕೊಂತೀನಿ ಬುಡಿ,” ಅಂದ.

ಸಿಟ್ಟಿಗೆ ಅಂದ ಅಂದುಕೊಂಡೆವು. ಮಾರನೆಯ ಮಧ್ಯಾಹ್ನ ಅತ್ತೆ ಚೀರಿದ್ದು ಕೇಳಿ ಓಡಿದೆ. ಹಿತ್ತಿಲ ಗೋಡೆಗೆ ಕನ್ನಡಿ ಒರಗಿಸಿ, ಬಾಯೊಳಗೆ ಸಣ್ಣ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದುಕೊಂಡಿದ್ದ. ಹಲ್ಲು ಅಲ್ಲೇ ಇತ್ತು. ದವಡೆ ಮುರಿದಿತ್ತು, ನಾಲಿಗೆ ಹರಿದಿತ್ತು, ಎದೆಯೆಲ್ಲ ರಕ್ತ... ಹಿಡಿಯಲು ಹೋದ ನನ್ನತ್ತಲೂ ಸುತ್ತಿಗೆ ಬೀಸಿ, ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಎಷ್ಟು ಕೂಗಿದರೂ ತೆಗೆಯಲಿಲ್ಲ. ಬೆಳಿಗ್ಗೆ ಬಾಗಿಲು ಒಡೆದಾಗ ಕತ್ತು ಕುಂಬಳಕಾಯಿಯಂತೆ ಊದಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ತುಮಕೂರಿಗೆ ಹೊರಟ ಆಂಬುಲೆನ್ಸ್ ಕೊರಟಗೆರೆ ದಾಟುವ ಮೊದಲೇ ಮಾವ ಹೋಗಿಬಿಟ್ಟ. ಎಡಗಣ್ಣು ತೆರೆದೇ ಇತ್ತು. ಅತ್ತೆಯೇ ಮುಚ್ಚಿದಳು.

ಹೋದ ವಾರ ಅದೇ ಡಾಕ್ಟರಮ್ಮ ನನ್ನ ಎಡಗಡೆಯ ಬುದ್ಧಿಹಲ್ಲನ್ನು ಎರಡು ತುಂಡು ಮಾಡಿ ತೆಗೆದರು. ಸೀಳುವ ಮಾತು ಎತ್ತಲಿಲ್ಲ. ಕೆಳತುಟಿ ಮರಗಟ್ಟಿಕೊಂಡೇ ಹೊರಗೆ ಬಂದೆ. ಜೊತೆಗೆ ಬಂದಿದ್ದ ಅತ್ತೆ ಬೆಂಚಿನಿಂದ ಎದ್ದು, ಸೊಟ್ಟಗೆ ಕೂಡಿಕೊಂಡ ಆ ಕೈಯಿಂದ ನನ್ನ ಬಲಗಣ್ಣು ಮುಚ್ಚಿದಳು. ಇನ್ನೊಂದು ಕೈಯ ಬೆರಳುಗಳನ್ನು ಎಡಗಣ್ಣಿನ ಮುಂದೆ ಹಿಡಿದಳು.

“ಎಷ್ಟ್ ಬೆಳ್ಳು ಅವೆ?”

“ಎರಡು,” ಅಂದೆ, ತೊದಲುತ್ತ.

ಅತ್ತೆ ಕೈ ಇಳಿಸಿ, ಅಲ್ಲೇ ನೆಲದ ಮೇಲೆ ಕೂತು ಅತ್ತಳು.