ಓದದೆ ಬಿಟ್ಟ ಸಾಲು

ಪಡಸಾಲೆಯಲ್ಲಿ ಅಂದು ನಾವು ನಾಲ್ಕೇ ಮಂದಿ: ಕಂಬಳಿಯ ಮೇಲೆ ಕಾಕಾ, ಅವರ ಮಗ್ಗುಲಲ್ಲಿ ಕಾಕು, ಕಂಬಕ್ಕೆ ಒರಗಿ ಕಾಕಾನ ತಾಯಿ, ಅಂದರೆ ನಮ್ಮ ಆಯಿ, ಮತ್ತು ಸೊಲ್ಲಾಪುರದ ಡಾಕ್ಟರರ ಚೀಟಿ ಹಿಡಿದ ನಾನು. ಎಂಬತ್ತರ ದಶಕದ ಮಾತು, ಊರು ಮಣ್ಣೂರ. ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ಸಾಲಿ ಮಾಸ್ತರನಾದ ನನಗೊಬ್ಬನಿಗೆ.

ಕಾಕಾನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ಡಾಕ್ಟರು ನನ್ನನ್ನು ಒಳಗೆ ಕರೆದು ಬಿಡಿಸಿ ಹೇಳಿದ್ದರು. ಗಡ್ಡೆ ಹರಡಿಲ್ಲ, ತೆಗೆಯಬಹುದು. ಆದರೆ ಮೈ ಸೊರಗಿದೆ, ಒಳಗೆ ಉರಿಯೂತವಿದೆ, ಹೀಗೇ ಕೊಯ್ದರೆ ಹೊಲಿಗೆ ಕೂಡುವುದು ಕಷ್ಟ. ಮೂರು ವಾರ ತಿನ್ನಿಸಿ ಕರೆತನ್ನಿ ಎಂದಿದ್ದರು. ಚೀಟಿಯಲ್ಲಿ ಹಾಲು, ಬೇಳೆ, ದಿನಕ್ಕೆರಡು ತತ್ತಿ.

ನಮ್ಮದು ತತ್ತಿ ಮುಟ್ಟದ ಮನೆ. ಕಲಬುರ್ಗಿಯಲ್ಲಿ ಓದುವಾಗ ನಾನು ಕದ್ದು ಆಮ್ಲೆಟ್ ತಿಂದವನು. ತತ್ತಿಯ ಮಾತು ನನ್ನ ಬಾಯಿಂದ ಬಂದರೆ ಅದೂ ಬಯಲಾದೀತೆಂದು ಅಂಜಿ, ಹಾಲು, ಬೇಳೆ ಎಂದಷ್ಟೇ ಓದಿ ಚೀಟಿ ಮಡಚಿದೆ.

ಆಯಿ ಅದನ್ನೂ ಒಪ್ಪಲಿಲ್ಲ. "ಹೊಟ್ಟಿ ಕೆಟ್ಟವ್ರಿಗಿ ಹಾಲು, ಬ್ಯಾಳಿ ಜಡ ಆಗ್ತಾವ. ಪಥ್ಯ ಮಾಡ್ಸೂಣು" ಅಂದಳು. ಮಗ ಉಳಿಯಲೆಂದೇ ಅಂದಳು. ನಾನು ಹೂಂ ಅಂದೆ.

ಮೂರು ವಾರ ಜೋಳದ ಗಂಜಿಯೇ ಗತಿಯಾಯಿತು. ಒಂದು ದಿನ ಕಾಕಾ ಬಟ್ಟಲೊಳಗೆ ಇಣುಕಿ, "ಏನ ಬೇ, ಭೀಮಾ ಹೊಳಿನೇ ತುಂಬ್ಕೊಂಡು ಬಂದಿ?" ಅಂತ ಕಾಕುವಿಗೆ ಅಂದರು. "ಸುಮ್ಮ ಕುಡೀರಿ, ಈಜಾಡಾಕ ಕೊಟ್ಟಿಲ್ಲ" ಅಂದಳು ಕಾಕು. ನಾನೂ ನಕ್ಕೆ. ಆ ನಗು ನೆನಪಾದರೆ ಇಂದಿಗೂ ತಲೆ ತಗ್ಗುತ್ತದೆ.

ಸೊಲ್ಲಾಪುರದ ತಕ್ಕಡಿಯಲ್ಲಿ ತೂಕ ಇನ್ನೂ ಇಳಿದಿತ್ತು. ಡಾಕ್ಟರು ನೇರ ಕಾಕಾನನ್ನೇ ಕೇಳಿದರು: "ದಿನಾ ಎರಡು ತತ್ತಿ ತಿಂದ್ರಿಲ್ಲ?"

ಕಾಕಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ತಿಂದೇನ್ರಿ ಸಾಹೇಬ್ರ. ಮೈಗಿ ಹತ್ತಲಿಲ್ಲ ನೋಡ್ರಿ" ಅಂದರು ಕಾಕಾ.

ಹೊರಗೆ ಬಂದ ಮೇಲೂ ಅವರು ಏನೂ ಕೇಳಲಿಲ್ಲ. ಕೇಳಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕರುಳು ಮುಚ್ಚುತ್ತ ಬಂದಿದ್ದರಿಂದ ಇನ್ನು ಕಾಯುವಂತಿರಲಿಲ್ಲ, ಆಪರೇಷನ್ ಮಾಡಿದರು. ಗಡ್ಡೆ ಪೂರ್ತಿ ಬಂತು. ಹೊಲಿಗೆ ಕೂಡಲಿಲ್ಲ, ಜ್ವರ ಇಳಿಯಲಿಲ್ಲ. ಎರಡನೆಯ ವಾರದಲ್ಲಿ ಕಾಕಾ ತೀರಿಕೊಂಡರು. ತಿಂದಿದ್ದರೆ ಉಳಿಯುತ್ತಿದ್ದರೆಂದು ಆಣೆ ಮಾಡಿ ಹೇಳಲಾರೆ. ಆದರೆ ಆ ದಾರಿ ಮುಚ್ಚಿದವನು ನಾನು.

ದಿನಕರ್ಮ ಮುಗಿದ ಮೇಲೆ ಕಾಕುವಿನ ಮುಂದೆ ಕೂತು ಎಲ್ಲ ಹೇಳಿದೆ.

"ನೀ ಹೇಳಿದ್ರ, ದನದ ಕೊಟ್ಟಿಗ್ಯಾಗ ಬ್ಯಾರೆ ಒಲಿ ಹೂಡಿ ತತ್ತಿ ಕುದಿಸಿ ಕೊಡ್ತಿದ್ನೆಪಾ" ಅಂದಳು ಕಾಕು.

ಆಮೇಲೆ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದಳು.