ಅರಕಲಗೂಡಿನಲ್ಲಿ ಮತ್ತೆ ಮತ್ತೆ ಲಾಕ್ ಆಗುತ್ತಿದ್ದ ಅಕೌಂಟ್

2007ರಲ್ಲಿ ನಾನು ಹಾಸನದಲ್ಲಿ ಒಂದು ಸೇವಾಸಂಸ್ಥೆಯ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಕ್ಷಯರೋಗಿಗಳು ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಸಂಸ್ಥೆ ಅದು. ಹುದ್ದೆಯ ಹೆಸರು ದೊಡ್ಡದು, ಆ ವಿಭಾಗದಲ್ಲಿ ಇದ್ದವನು ಮಾತ್ರ ನಾನೊಬ್ಬನೇ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಾಖೆಗಳು ಹಾಸನದ ಸರ್ವರ್‌ಗೆ ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ ಪ್ರತ್ಯೇಕ ದೂರವಾಣಿ ತಂತಿಯ ಮೂಲಕ ಸೇರಿಕೊಂಡಿದ್ದವು. ಆ ವರ್ಷ ಶಾಖೆಗೊಂದರಂತೆ ಮೂರು ಲ್ಯಾಪ್‌ಟಾಪ್ ಬಂದವು.

ರೋಗಿಗಳ ಹೆಸರು, ಊರು, ಯಾರು ಮಾತ್ರೆ ತಪ್ಪಿಸಿದ್ದಾರೆ ಎಂಬ ವಿವರವೆಲ್ಲ ಅವುಗಳಲ್ಲಿತ್ತು. ಮನೆಯಲ್ಲಿ ಕ್ಷಯವಿದೆ ಎಂದು ಗೊತ್ತಾದರೆ ಕುದುರಿದ ಸಂಬಂಧವೂ ಮುರಿದುಬೀಳುತ್ತಿತ್ತು. ಅದಕ್ಕೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದೆವು. ಅಂದರೆ ಲ್ಯಾಪ್‌ಟಾಪ್ ಕಳುವಾದರೂ ಒಳಗಿರುವುದನ್ನು ಬೇರೆಯವರು ಓದಲಾಗದಂತೆ ಗೂಢಲಿಪಿಗೆ ತಿರುಗಿಸಿದ್ದೆವು. ಆನ್ ಮಾಡಿದ ಕೂಡಲೇ ಒಂದು ಪಾಸ್‌ವರ್ಡ್, ಅದು ಡಿಸ್ಕಿನದು. ಆಮೇಲೆ ಇನ್ನೊಂದು, ನೆಟ್‌ವರ್ಕ್ ಅಕೌಂಟಿನದು. ಎರಡನೆಯದನ್ನು ಹಾಸನದ ಸರ್ವರ್ ಒಪ್ಪಬೇಕು. ಐದು ಸಲ ತಪ್ಪಾದರೆ ಅಕೌಂಟ್ ಲಾಕ್. ಅದನ್ನು ತೆರೆಯುವ ಅಧಿಕಾರ ಇದ್ದದ್ದು ನನಗೆ ಮಾತ್ರ.

ಅರಕಲಗೂಡಿನ ಲ್ಯಾಪ್‌ಟಾಪ್ ಗಿರಿಜಮ್ಮನವರ ಕೈಯಲ್ಲಿತ್ತು. ಐವತ್ತೆರಡು ವರ್ಷದ ಮೇಲ್ವಿಚಾರಕಿ. ಹೊಳೆನರಸೀಪುರದಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಬೆಳಿಗ್ಗೆ ಕಚೇರಿಯಲ್ಲಿ ಲಾಗಿನ್ ಆಗಿ, ಆ ದಿನ ಯಾರನ್ನು ನೋಡಬೇಕೆಂದು ಗುರುತು ಮಾಡಿಕೊಂಡು, ಹತ್ತು ಗಂಟೆಯ ಬಸ್ಸಿಗೆ ಹಳ್ಳಿಗಳ ಕಡೆ ಹೊರಡುತ್ತಿದ್ದರು.

ಒಂದು ದಿನ ಒಂಬತ್ತೂ ಮುಕ್ಕಾಲಿಗೆ ಅವರ ಫೋನ್ ಬಂತು. “ಸಾ, ಲಾಕ್ ಆಗೈತೆ ಅಂತ ಬತ್ತಾ ಐತೆ.” ತೆರೆದುಕೊಟ್ಟೆ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. “ಕ್ಯಾಪ್ಸ್ ಲಾಕ್ ನೋಡ್ಕೊಳ್ಳಿ ಗಿರಿಜಮ್ಮನೋರೆ, ನಿಧಾನವಾಗಿ ಒತ್ತಿ” ಎಂದೆ. “ಸರಿಯಾಗೇ ಒತ್ತಿವ್ನಿ ಸಾ” ಎಂದರು. ಮೂರು ವಾರದಲ್ಲಿ ಹನ್ನೊಂದು ಸಲ ಹೀಗಾಯಿತು. ದೂರಿನ ರಿಜಿಸ್ಟರಿನಲ್ಲಿ ಹನ್ನೊಂದು ಸಲವೂ ಕಾರಣದ ಅಂಕಣದಲ್ಲಿ ‘ಬಳಕೆದಾರರ ತಪ್ಪು’ ಎಂದು ಬರೆದೆ. ಅವರ ವಯಸ್ಸು ನನಗೆ ಸಾಕ್ಷಿಯಾಗಿ ಕಂಡಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಅತ್ತ ಅವರಿಗೆ ಬಸ್ಸು ತಪ್ಪುತ್ತಿತ್ತು. ಕೊಣನೂರು ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೂಲಿ ಮಾಡುವ ರೋಗಿಯೊಬ್ಬನಿದ್ದ. ಸ್ವಲ್ಪ ಗುಣ ಕಂಡೊಡನೆ ಮಾತ್ರೆ ಬಿಟ್ಟಿದ್ದ. ಹೊತ್ತು ಮೀರಿ ಹೋದರೆ ಕೈಗೆ ಸಿಗುತ್ತಿರಲಿಲ್ಲ. ಆ ತಿಂಗಳ ಸಭೆಯಲ್ಲಿ ಯೋಜನಾಧಿಕಾರಿ ನನ್ನ ರಿಜಿಸ್ಟರನ್ನೇ ಮುಂದಿಟ್ಟುಕೊಂಡು, “ಈ ವಯಸ್ಸಲ್ಲಿ ಇವರಿಗೆ ಇದು ಒಗ್ಗಲ್ಲ. ಲ್ಯಾಪ್‌ಟಾಪ್ ವಾಪಸ್ ತಗೊಂಡು ಇವರನ್ನ ಔಷಧಿ ಸ್ಟೋರ್ ಕೆಲಸಕ್ಕೆ ಹಾಕೋಣ” ಎಂದರು. ನಾನು ರಿಜಿಸ್ಟರ್ ಎತ್ತಿಕೊಂಡು ನನ್ನ ಮೇಜಿಗೆ ಮರಳಿದೆ.

ಮುಂದಿನ ಸೋಮವಾರ ಒಂಬತ್ತು ಗಂಟೆಗೆ ಗಿರಿಜಮ್ಮ ನನ್ನ ಮೇಜಿನ ಮುಂದೆ ನಿಂತಿದ್ದರು. ಮೊದಲ ಬಸ್ಸಿಗೇ ಬಂದಿದ್ದರು. ಲ್ಯಾಪ್‌ಟಾಪ್ ಚೀಲವನ್ನು ಜಿಪ್ ಕೂಡ ತೆಗೆಯದೆ ನನ್ನ ಎದುರಿಗಿಟ್ಟರು.

“ಇದು ಮುಚ್ಚೇ ಇರ್ಲಿ ಸಾ. ನಾನು ಮುಟ್ಟಕಿಲ್ಲ. ನೀವು ನಿಮ್ಮ ಕಂಪ್ಯೂಟ್ರು ನೋಡ್ತಾ ಇರಿ.”

ನೋಡಿದೆ. ಅವರ ಅಕೌಂಟ್ ತೆರೆದೇ ಇತ್ತು. ಅವರು ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡರು. ಒಂಬತ್ತು ನಲವತ್ತಮೂರಕ್ಕೆ ಮತ್ತೆ ನೋಡಿದೆ. ಲಾಕ್ ಆಗಿತ್ತು.

“ಆಯ್ತಾ?”

“ಆಯ್ತು.”

“ನಾನು ಒತ್ತಿದ್ನಾ ಸಾ?”

ಸರ್ವರಿನ ಲಾಗ್ ತೆರೆದೆ. ಯಾವ ಅಕೌಂಟಿನಲ್ಲಿ, ಯಾವಾಗ, ಏನಾಯಿತು ಎಂದು ಸರ್ವರ್ ತಾನೇ ದಾಖಲಿಸುವ ಪಟ್ಟಿ ಅದು. ಅಷ್ಟು ದಿನ ನಾನು ಅದರಲ್ಲಿ ಹೆಸರು ಮತ್ತು ವೇಳೆ ಮಾತ್ರ ನೋಡಿದ್ದೆ. ತಪ್ಪು ಪಾಸ್‌ವರ್ಡ್ ಯಾವ ಕಂಪ್ಯೂಟರಿನಿಂದ ಬಂತು ಎಂಬುದೂ ಪಕ್ಕದಲ್ಲೇ ಇತ್ತು. ಹನ್ನೆರಡು ಸಲವೂ ಒಂದೇ ಯಂತ್ರ: ಹೊಳೆನರಸೀಪುರ ಶಾಖೆಯ ಎರಡನೇ ಕಂಪ್ಯೂಟರ್. ಅಲ್ಲಿಯ ಗುಮಾಸ್ತ ನಾಗರಾಜುಗೆ ಫೋನ್ ಮಾಡಿ, ಆ ಕಂಪ್ಯೂಟರ್ ಆನ್ ಇದೆಯೇ ಎಂದು ಕೇಳಿದೆ. “ಈಗ್ತಾನೇ ಆನ್ ಮಾಡ್ದೆ ಸಾ. ಯಾಕೆ, ಏನಾಯ್ತು?” ಎಂದ.

ಇಬ್ಬರೂ ಬಸ್ಸು ಹಿಡಿದು ಹೊಳೆನರಸೀಪುರಕ್ಕೆ ಹೋದೆವು. ಅದು ಗಿರಿಜಮ್ಮ ಮೊದಲು ಬಳಸುತ್ತಿದ್ದ ಯಂತ್ರ. ಸರ್ವರಿನ ಫೋಲ್ಡರ್ ಸುಲಭವಾಗಿ ಸಿಗಲೆಂದು ಅವರ ಪಾಸ್‌ವರ್ಡನ್ನು ಅದರಲ್ಲಿ ಉಳಿಸಿಟ್ಟಿದ್ದವನು ನಾನೇ. ವರ್ಗವಾದ ಮೇಲೆ ಅವರು, ನಲವತ್ತೈದು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನನ್ನದೇ ನಿಯಮದಂತೆ, ಬದಲಿಸಿದ್ದರು. ಹಳೆಯ ಯಂತ್ರಕ್ಕೆ ಅದು ಗೊತ್ತಿಲ್ಲ. ನಾಗರಾಜು ಆನ್ ಮಾಡಿದಾಗಲೆಲ್ಲ ಅದು ಅವರ ಹೆಸರಿನಲ್ಲಿ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಸರ್ವರ್‌ಗೆ ಕಳಿಸುತ್ತಿತ್ತು. ಉಳಿಸಿಟ್ಟಿದ್ದ ಆ ಪಾಸ್‌ವರ್ಡನ್ನು ಅಳಿಸಿಹಾಕಲು ಎರಡು ನಿಮಿಷ ಸಾಕಾಯಿತು.

ಮರುದಿನ ಬೆಳಿಗ್ಗೆ ಅರಕಲಗೂಡಿನಿಂದ ಫೋನ್. “ಒಳಗೋದೆ ಸಾ. ಬಸ್ಸಿಗೆ ಹೊಂಟೆ.” ಅಷ್ಟು ಹೇಳಿ ಇಟ್ಟುಬಿಟ್ಟರು.

ರಿಜಿಸ್ಟರಿನ ಹಳೆಯ ಸಾಲುಗಳನ್ನು ನಾನು ಹೊಡೆದುಹಾಕಲಿಲ್ಲ. ಹನ್ನೊಂದರ ಪಕ್ಕದಲ್ಲೂ ‘ಅಡ್ಮಿನಿಸ್ಟ್ರೇಟರ್ ತಪ್ಪು’ ಎಂದು ಬರೆದು ಸಹಿ ಹಾಕಿ, ಯೋಜನಾಧಿಕಾರಿಗೆ ತೋರಿಸಿದೆ. ಅವರು ಓದಿ, “ಸ್ಟೋರ್ ವಿಷಯ ಬಿಡಿ” ಎಂದರು. ಬ್ಯಾರನ್ನಿನ ಕೂಲಿಯವನನ್ನು ಗಿರಿಜಮ್ಮ ಆ ವಾರವೇ ಹಿಡಿದು ಮಾತ್ರೆ ಶುರು ಮಾಡಿಸಿದರು. ತಪ್ಪಿದ ದಿನಗಳಿಗಾಗಿ ಅವನ ಚಿಕಿತ್ಸೆ ಇನ್ನಷ್ಟು ಉದ್ದವಾಯಿತು. ಅದರಲ್ಲಿ ನನ್ನ ಪಾಲೂ ಇದೆ.

ಕೆಲವು ತಿಂಗಳ ಮೇಲೆ ಅರಕಲಗೂಡಿಗೆ ಹೋದಾಗ ಕ್ಷಮೆ ಕೇಳಿದೆ. ಅವರು ನಕ್ಕರು. “ಅವತ್ತು ಅಕೌಂಟು ತೆಗೀಲಿ ಅಂತ ಬಂದಿರ್ನಿಲ್ಲ ಸಾ. ಫೋನಲ್ಲಿ ಯೋಳಿ ಯೋಳಿ ಸಾಕಾಗಿತ್ತು. ನೀವೇ ಒಂದ್ಸಲ ಕಣ್ಣಾರೆ ನೋಡ್ಲಿ ಅಂತ ಬಂದೆ.”

ಲಾಗಿನ್ ತೊಂದರೆಯ ಬಗ್ಗೆ ತರಬೇತಿಗಳಲ್ಲಿ ಕಲಿತದ್ದು ಬೇಕಾದಷ್ಟಿದೆ. ‘ಪಾಸ್‌ವರ್ಡ್ ತಪ್ಪು’ ಎಂದು ಯಂತ್ರ ಹೇಳಿದರೆ, ತಪ್ಪು ಪಾಸ್‌ವರ್ಡ್ ಬಂತು ಎಂದಷ್ಟೇ ಅದರ ಅರ್ಥ. ಯಾರ ತಪ್ಪು ಎಂದು ಅದು ಹೇಳುವುದಿಲ್ಲ ಎಂಬುದನ್ನು ಮಾತ್ರ ಗಿರಿಜಮ್ಮನವರಿಂದ ಕಲಿತೆ. ನಿವೃತ್ತನಾಗುವವರೆಗೂ, ಎಲ್ಲಿಂದ ಬಂತು ಎಂದು ನೋಡದೆ ಕಾರಣದ ಅಂಕಣಕ್ಕೆ ಪೆನ್ನು ಇಡಲಿಲ್ಲ.